ರಸ್ತೆ ಬದಿಯ ಕೆತ್ತನೆಯ ಕಲ್ಲು: ಅದು ಯಾರ ನೆನಪು, ಓದುವುದು ಹೇಗೆ?

ಪ್ರಶ್ನೆ: ನಮ್ಮೂರಿಗೆ ತಿರುಗುವ ರಸ್ತೆಯ ಪಕ್ಕದಲ್ಲಿ ಅರ್ಧ ಹೂತುಹೋದ ಒಂದು ಕೆತ್ತನೆಯ ಕಲ್ಲಿದೆ. ಕತ್ತಿ ಹಿಡಿದ ಮನುಷ್ಯ, ಮೇಲ್ಗಡೆ ಲಿಂಗ, ಸೂರ್ಯ, ಚಂದ್ರ ಕಾಣಿಸುತ್ತವೆ. ದೀಪಾವಳಿಗೆ ಎಣ್ಣೆ ಹಚ್ಚಿ ಕಾಯಿ ಒಡೆಯುತ್ತಾರೆ. ದೇವರು ಅನ್ನುವವರಿದ್ದಾರೆ, ಸಮಾಧಿ ಅನ್ನುವವರಿದ್ದಾರೆ, ಅದರಡಿ ನಿಧಿ ಇದೆ ಅನ್ನುವವರೂ ಇದ್ದಾರೆ. ಈಗ ರಸ್ತೆ ಅಗಲ ಮಾಡುತ್ತಾರಂತೆ. ಆ ಕಲ್ಲು ನಿಜವಾಗಿ ಏನು? ನಾವೇನು ಮಾಡಬೇಕು?

ಉತ್ತರ: ನೀವು ಹೇಳಿದ ಗುರುತುಗಳಷ್ಟೇ ಸಾಕು, ಅದು ವೀರಗಲ್ಲು. ಹಳ್ಳಿಗಳಲ್ಲಿ ಈರಗಲ್ಲು, ಬೀರಗಲ್ಲು ಅಂತಲೂ ಕರೆಯುತ್ತಾರೆ. ಕಾದಾಡಿ ಸತ್ತ ಒಬ್ಬ ಮನುಷ್ಯನ ನೆನಪಿಗೆ ಅವನ ಮನೆಯವರೋ ಊರಿನವರೋ ಒಡೆಯನೋ ನಿಲ್ಲಿಸಿದ ಕಲ್ಲು ಅದು. ಸಾಮಾನ್ಯವಾಗಿ ಅದರಡಿ ಹೆಣ ಹೂತಿರುವುದಿಲ್ಲ. ನಿಧಿಯಂತೂ ಇರುವುದೇ ಇಲ್ಲ. ನೆಲದೊಳಗೆ ಇರುವುದು ಕಲ್ಲಿನದೇ ಬುಡ. ನೆಟ್ಟ ಕಲ್ಲು ವಾಲದಿರಲಿ ಎಂದು ಕೆತ್ತನೆಯಿಲ್ಲದ ಕಾಲು ಭಾಗದಷ್ಟನ್ನು ಮಣ್ಣಿನಲ್ಲಿ ಇಳಿಸುತ್ತಿದ್ದರು. ನಿಧಿಯ ಆಸೆಗೆ ರಾತ್ರೋರಾತ್ರಿ ಕಿತ್ತು ಒಡೆದು ಹಾಕಿದ ವೀರಗಲ್ಲುಗಳು ನಾಡಿನ ಎಲ್ಲ ಕಡೆ ಇವೆ. ಕಲ್ಲಿನ ಮೇಲಿನ ಹಳೆಯ ಅಕ್ಷರ ನಿಧಿಯ ಗುಟ್ಟು ಎಂಬ ಮಾತು ಹಬ್ಬಿರುವುದರಿಂದ ಶಾಸನವಿರುವ ಕಲ್ಲಿಗೇ ಅಪಾಯ ಜಾಸ್ತಿ. ಆ ಅಕ್ಷರಗಳಲ್ಲಿ ಇರುವುದು ಸತ್ತವನ ಹೆಸರು, ಸತ್ತ ಕಾರಣ, ಅವನ ಮನೆಯವರಿಗೆ ಬಿಟ್ಟ ಹೊಲಗದ್ದೆಯ ಲೆಕ್ಕ. ಇದನ್ನು ಊರಿನಲ್ಲಿ ಗಟ್ಟಿಯಾಗಿ ಹೇಳುವುದೇ ಕಲ್ಲು ಉಳಿಸುವ ಮೊದಲ ಕೆಲಸ.

ರಸ್ತೆ ಬದಿಗೆ ಹೇಗೆ ಬಂತು ಎನ್ನುವುದಕ್ಕೆ ಉತ್ತರ ಸರಳ. ಕಲ್ಲು ನೆಟ್ಟಾಗ ಈಗಿನ ರಸ್ತೆ ಇರಲಿಲ್ಲ. ಊರಬಾಗಿಲು, ದನ ಮೇಯಲು ಹೊರಡುವ ದಾರಿ, ಕೆರೆ ಏರಿ, ಗುಡಿಯ ಮುಂಭಾಗ, ಇಲ್ಲವೇ ಅವನು ಬಿದ್ದ ಜಾಗ, ಹೀಗೆ ನಾಲ್ಕು ಜನರ ಕಣ್ಣಿಗೆ ಬೀಳುವಲ್ಲಿ ನೆಡುತ್ತಿದ್ದರು. ಆ ಕಾಲುದಾರಿಯೇ ಬಂಡಿ ಜಾಡಾಗಿ, ಬಂಡಿ ಜಾಡೇ ಡಾಂಬರು ರಸ್ತೆಯಾಗಿದೆ. ಹಾಗಾಗಿ ಕಲ್ಲು ನಿಂತ ಜಾಗವೂ ದಾಖಲೆಯ ಒಂದು ಭಾಗ. ಹಳೆಯ ಊರು ಎಲ್ಲಿತ್ತು, ಅದರ ಬಾಗಿಲು ಯಾವ ದಿಕ್ಕಿಗಿತ್ತು ಎಂಬುದನ್ನು ಎಷ್ಟೋ ಕಡೆ ವೀರಗಲ್ಲುಗಳ ಸಾಲು ನೋಡಿಯೇ ಗುರುತಿಸಬೇಕು.

ಕೆಳಗಿನಿಂದ ಮೇಲಕ್ಕೆ ಓದಿ

ವೀರಗಲ್ಲನ್ನು ಪುಸ್ತಕದಂತೆ ಮೇಲಿನಿಂದ ಓದಿದರೆ ಅರ್ಥವಾಗುವುದಿಲ್ಲ. ಕಥೆ ಬುಡದಿಂದ ಶುರುವಾಗುತ್ತದೆ. ಕಲ್ಯಾಣ ಚಾಲುಕ್ಯರ, ಹೊಯ್ಸಳರ ಕಾಲದ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳು (ಒಂದರ ಮೇಲೊಂದು ಇರುವ ಕೆತ್ತನೆಯ ಸಾಲುಗಳು), ಕೆಲವಕ್ಕೆ ನಾಲ್ಕು ಐದು ಕೂಡ. ಗಂಗರ ಕಾಲದ ಕಲ್ಲುಗಳಲ್ಲಿ, ವಿಶೇಷವಾಗಿ ಕೋಲಾರ, ಬೆಂಗಳೂರು ಕಡೆಯವುಗಳಲ್ಲಿ, ಪಟ್ಟಿಕೆಗಳಿಲ್ಲದೆ ಒಂದೇ ಚೌಕಟ್ಟಿನಲ್ಲಿ ಬಿಲ್ಲು ಅಥವಾ ಕತ್ತಿ ಹಿಡಿದ ವೀರ ದೊಡ್ಡದಾಗಿ ನಿಂತಿರುತ್ತಾನೆ. ಅಲ್ಲಿನ ಕಲ್ಲು ಗಡುಸಾದ ಗ್ರಾನೈಟ್ ಆದ್ದರಿಂದ ಕೆತ್ತನೆ ತೆಳು. ಮಲೆನಾಡಿನ ಬಳಪದ ಕಲ್ಲಿನಲ್ಲಿ ಉಳಿ ಸಲೀಸಾಗಿ ಓಡುತ್ತದೆ. ಶಿಕಾರಿಪುರ, ಸೊರಬ, ಬಳ್ಳಿಗಾವಿ ಕಡೆಯ ಕಲ್ಲುಗಳಲ್ಲಿ ಕುದುರೆಯ ಜೀನು, ಹೆಂಗಸರ ಮುಡಿ ಸಹ ಎಣಿಸುವಂತೆ ಕಾಣುವುದು ಅದಕ್ಕೇ.

ಕೆಳಗಿನ ಪಟ್ಟಿಕೆ ಅವನು ಹೇಗೆ ಸತ್ತ ಎಂದು ಹೇಳುತ್ತದೆ. ಇಲ್ಲಿ ಹೆಚ್ಚು ಹೊತ್ತು ಕೊಡಿ. ಮೂಲೆಯಲ್ಲಿ ದನಗಳ ತಲೆಗಳು ಸಾಲಾಗಿ ಕಂಡರೆ ಅದು ತುರುಗೊಳ್. ದನವೇ ಸಂಪತ್ತಾಗಿದ್ದ ಕಾಲದಲ್ಲಿ ಪಕ್ಕದ ಸೀಮೆಯವರು ತುರುಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಬೆನ್ನಟ್ಟಿ ಬಿಡಿಸಿ ತರುವಾಗ ಸತ್ತವನ ಕಲ್ಲು ಅದು. ಶಾಸನದಲ್ಲಿ ‘ತುರುವಂ ಮಗುಳ್ಚಿ’ ಎಂಬ ಮಾತು ಸಿಕ್ಕರೆ ‘ದನಗಳನ್ನು ಮರಳಿ ತಂದು’ ಎಂದು ಓದಿಕೊಳ್ಳಿ. ಮನೆಗಳೂ ಕೈ ಎತ್ತಿ ಕೂಗುವ ಹೆಂಗಸರೂ ಇದ್ದರೆ ಊರಳಿವು ಅಥವಾ ಪೆಣ್ಬುಯ್ಯಲ್. ಊರು ಕಾಯಲು, ಹೆಣ್ಣುಮಕ್ಕಳ ಮಾನ ಕಾಯಲು ಸತ್ತವನು. ಎದುರಿಗೆ ಹಂದಿ ಅಥವಾ ಹುಲಿ ಇದ್ದರೆ ಬೇಟೆ. ವೀರನ ಮೇಲೆ ಛತ್ರಿ ಹಿಡಿದಿದ್ದರೆ, ಕುದುರೆಯೋ ಆನೆಯೋ ಏರಿದ್ದರೆ ಅವನು ನಾಯಕ. ಬರಿಗಾಲಲ್ಲಿ ಸೊಂಟಕ್ಕೊಂದು ಕಠಾರಿ ಸಿಕ್ಕಿಸಿಕೊಂಡವನು ಊರಿನವನೇ ಆಗಿರಬಹುದು. ವೀರಗಲ್ಲುಗಳ ಹಿರಿಮೆ ಇರುವುದೇ ಇಲ್ಲಿ. ತಾಮ್ರಪಟದಲ್ಲಿ ಹೆಸರು ಬರದ ಒಕ್ಕಲು, ಗೌಡ, ಆಳುಮಗ, ತಳವಾರ ಎಲ್ಲರೂ ಇಲ್ಲಿ ಹೆಸರು ಹಿಡಿದು ನಿಂತಿದ್ದಾರೆ.

ಬಗ್ಗಿಸಿದ ಬಿದಿರಿಗೆ ಜುಟ್ಟು ಕಟ್ಟಿಕೊಂಡು ಕುಳಿತ ಆಕೃತಿ ಕಂಡರೆ ಅದು ಸಿಡಿತಲೆ. ಹರಕೆ ತೀರಿಸಲು ಅಥವಾ ಒಡೆಯನಿಗಾಗಿ ತಲೆ ಕೊಟ್ಟವನು. ಕುತ್ತಿಗೆಗೆ ಕತ್ತಿ ಬಿದ್ದೊಡನೆ ಬಿದಿರು ಸೆಟೆದು ತಲೆ ಮೇಲಕ್ಕೆ ಸಿಡಿಯುತ್ತಿತ್ತು. ಒಡೆಯ ಸತ್ತಾಗ ತಾನೂ ಸಾಯುವ ವ್ರತ ಹಿಡಿದವರಿಗೆ ಹೊಯ್ಸಳರಲ್ಲಿ ಗರುಡರು ಎಂಬ ಹೆಸರಿತ್ತು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಆವರಣದ ಕುವರ ಲಕ್ಷ್ಮನ ಕಂಬ ಅಂಥದ್ದು.

ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಚಾಮರ ಬೀಸುತ್ತ ವೀರನನ್ನು ವಿಮಾನದಲ್ಲೋ ತೋಳಲ್ಲೋ ಎತ್ತಿಕೊಂಡು ಹೋಗುತ್ತಾರೆ. ಇದರ ಹಿಂದಿನ ನಂಬಿಕೆಯನ್ನು ಹೇಳುವ ಶ್ಲೋಕವೊಂದು ಹಲವು ವೀರಗಲ್ಲುಗಳ ಮೇಲೆ ಇದೆ: ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ’. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ, ಗಳಿಗೆಯಲ್ಲಿ ಅಳಿಯುವ ಈ ಮೈಗೆ ಕಾಳಗದಲ್ಲಿ ಸಾಯುವ ಚಿಂತೆ ಯಾಕೆ ಎಂದು ಅರ್ಥ.

ಮೇಲಿನ ಪಟ್ಟಿಕೆ ಅವನು ಸೇರಿದ ಲೋಕ. ಲಿಂಗ, ನಂದಿ, ಪೂಜೆ ಮಾಡುವ ಗೊರವ (ಶೈವ ಪೂಜಾರಿ), ಪಕ್ಕದಲ್ಲಿ ಕೈಮುಗಿದು ಕುಳಿತ ವೀರ. ತುದಿಯ ಸೂರ್ಯ ಚಂದ್ರರ ಅರ್ಥ ಒಂದೇ, ಅವರಿರುವ ತನಕ ಇವನ ಹೆಸರೂ ಕೊಟ್ಟ ದತ್ತಿಯೂ ಇರಲಿ ಎಂದು. ಮೇಲೆ ಲಿಂಗದ ಬದಲು ಜಿನಬಿಂಬ, ಮುಕ್ಕೊಡೆ (ಒಂದರ ಮೇಲೊಂದು ಮೂರು ಛತ್ರಿ) ಇದ್ದು, ಕೆಳಗೆ ಕಾಳಗವಿಲ್ಲದೆ ಗುರುವಿನ ಎದುರು ಕುಳಿತ ಗಂಡಸೋ ಹೆಂಗಸೋ ಇದ್ದರೆ ಅದು ವೀರಗಲ್ಲಲ್ಲ. ಸಲ್ಲೇಖನದಿಂದ, ಅಂದರೆ ಜೈನರ ಉಪವಾಸ ವ್ರತದಿಂದ, ಪ್ರಾಣ ಬಿಟ್ಟವರ ನಿಸಿದಿಗಲ್ಲು.

ಮಾಸ್ತಿಗಲ್ಲು ಬೇರೆ

ಕಂಬದಿಂದ ಒಂದು ತೋಳು ಹೊರಚಾಚಿ, ಮೊಣಕೈಯಲ್ಲಿ ಮಡಿಸಿ, ಅಂಗೈ ಮೇಲೆತ್ತಿದ್ದರೆ ಅದು ಮಾಸ್ತಿಗಲ್ಲು. ‘ಮಹಾಸತಿ’ಯೇ ಮಾಸ್ತಿಯಾಗಿದೆ. ತೋಳಿನ ತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಬಳೆ ಒಡೆಯದ ಕೈ ಎಂದರೆ ಮುತ್ತೈದೆಯಾಗಿಯೇ ಹೋದಳು ಎಂಬ ಸೂಚನೆ. ಶಾಸನಗಳ ‘ತೋಳು ಕೈ ಕೊಟ್ಟು’ ಎಂಬ ಮಾತಿಗೂ ಈ ಕೆತ್ತನೆಗೂ ನಂಟಿದೆ. ಎರಡು ತೋಳಿದ್ದರೆ ಇಬ್ಬರು ಹೆಂಗಸರು. ವೀರನೂ ತೋಳೂ ಒಂದೇ ಕಲ್ಲಿನಲ್ಲಿದ್ದರೆ ವೀರಮಾಸ್ತಿಗಲ್ಲು ಎನ್ನುತ್ತಾರೆ.

ಊರುಗಳಲ್ಲಿ ಈ ಕಲ್ಲು ಮಾಸ್ತಮ್ಮನಾಗಿ ಅರಿಶಿನ, ಕುಂಕುಮ, ಬಳೆ ಪಡೆಯುತ್ತದೆ. ಆದರೆ ಅದರ ಹಿಂದಿರುವುದು ಉರಿಯುವ ಚಿತೆ ಎಂಬುದನ್ನು ಮರೆಯಲಾಗದು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನವಿದೆ. ಗಂಡ ಏಚನನ್ನು ರಾಜಾಜ್ಞೆಯಂತೆ ಕೊಂದ ಸುದ್ದಿ ಬಂದಾಗ ದೇಕಬ್ಬೆ ಬೆಂಕಿಗೆ ಇಳಿಯಲು ಹೊರಟಳು. ಹೆತ್ತವರು, ನಂಟರು ಬೇಡ ಬೇಡ ಎಂದು ಅಂಗಲಾಚಿದರು ಎಂಬುದನ್ನೂ ಆ ಕಲ್ಲು ದಾಖಲಿಸಿದೆ. ಆ ಬೇಡಿಕೆಯ ದನಿಯನ್ನೂ ಕೇಳಿಸಿಕೊಂಡು ಮಾಸ್ತಿಗಲ್ಲನ್ನು ಓದಬೇಕು. 1987ರ ಸತಿ ತಡೆ ಕಾಯ್ದೆ ಸತಿಯ ವೈಭವೀಕರಣವನ್ನು ಅಪರಾಧ ಎನ್ನುತ್ತದೆ. ಕಲ್ಲನ್ನು ಇತಿಹಾಸವೆಂದು ಕಾಪಾಡಿ. ಅದರ ಹೆಸರಿನಲ್ಲಿ ಹೊಸ ಗುಡಿ, ಚಂದಾ, ಉತ್ಸವ ಬೇಡ.

ರಸ್ತೆ ಬದಿಯ ಇನ್ನು ಕೆಲವು ಕಲ್ಲುಗಳನ್ನು ಇವುಗಳೊಂದಿಗೆ ಗೊಂದಲ ಮಾಡಿಕೊಳ್ಳುವುದುಂಟು. ಲಿಂಗವನ್ನೋ ವಾಮನನನ್ನೋ ಮಾತ್ರ ಕೆತ್ತಿದ ಗಿಡ್ಡ ಕಲ್ಲು ದಾನದ ಭೂಮಿಯ ಎಲ್ಲೆಗಲ್ಲು. ಊರ ನಡುವೆ ಕೆತ್ತನೆಯಿಲ್ಲದೆ ನಿಂತು ಪೂಜೆ ಪಡೆಯುವುದು ಕರುವುಗಲ್ಲು. ಹೆಡೆ ಎತ್ತಿದ ನಾಗರಕಲ್ಲು ಎಲ್ಲರಿಗೂ ಗೊತ್ತು. ಎರಡು ಕಂಬದ ಮೇಲೆ ಎದೆಮಟ್ಟಕ್ಕೆ ಅಡ್ಡ ಚಪ್ಪಡಿ ಇಟ್ಟಿದ್ದರೆ ತಲೆಹೊರೆ ಇಳಿಸುವ ಕಲ್ಲು. ತಮಿಳುನಾಡಿನಲ್ಲಿ ಇದನ್ನು ಸುಮೈತಾಂಗಿ ಎನ್ನುತ್ತಾರೆ. ಹೊಟ್ಟೆಯ ಹೊರೆ ಇಳಿಸದೆ ತೀರಿಕೊಂಡ ಬಸುರಿಯ ನೆನಪಿಗೆ ದಾರಿಹೋಕರ ಹೊರೆಯಾದರೂ ಇಳಿಯಲಿ ಎಂದು ನೆಡಿಸುವ ವಾಡಿಕೆ ಅಲ್ಲಿತ್ತು. ಅದೂ ಸಾವಿನ ನೆನಪೇ.

ಅಕ್ಷರಗಳನ್ನು ಹುಡುಕುವುದು

ಅಕ್ಷರ ಇದ್ದರೆ ಹೆಚ್ಚಾಗಿ ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯಲ್ಲಿ ಇರುತ್ತದೆ. ಗಂಗರ ಕಾಲದ ಕಲ್ಲಾದರೆ ವೀರನ ತಲೆಯ ಮೇಲೆ, ಸುತ್ತಮುತ್ತ. ನಡುಮಧ್ಯಾಹ್ನದ ಬಿಸಿಲಲ್ಲಿ ನೋಡಿದರೆ ಏನೂ ಕಾಣದು. ಬೆಳಗ್ಗೆ ಏಳರ ಹೊತ್ತಿಗೋ ಸಂಜೆ ಐದರ ಮೇಲೋ, ಬಿಸಿಲು ಕಲ್ಲಿನ ಮೈಗೆ ಓರೆಯಾಗಿ ತಾಗುವಾಗ ಹೋಗಿ. ಇನ್ನೂ ಒಳ್ಳೆಯ ದಾರಿ ರಾತ್ರಿ ಟಾರ್ಚು. ಬೆಳಕನ್ನು ಎದುರಿಗೆ ಹಿಡಿಯದೆ ಕಲ್ಲಿಗೆ ಒತ್ತಿದಂತೆ ಎಡಗಡೆಯಿಂದ ಹಾಯಿಸಿ, ಆಮೇಲೆ ಬಲದಿಂದ, ಮೇಲಿನಿಂದ. ಪ್ರತಿ ದಿಕ್ಕಿಗೂ ಒಂದು ಫೋಟೋ ತೆಗೆಯಿರಿ. ಒಂದು ದಿಕ್ಕಿನಲ್ಲಿ ಮಾಯವಾದ ಗೆರೆ ಇನ್ನೊಂದರಲ್ಲಿ ಎದ್ದು ಕಾಣುತ್ತದೆ.

ಸೀಮೆಸುಣ್ಣ, ಇದ್ದಿಲು, ಗೋದಿಹಿಟ್ಟು ಉಜ್ಜಬೇಡಿ. ಸುಣ್ಣದ ಪುಡಿ ರಂಧ್ರದಲ್ಲಿ ಕೂತರೆ ಹೊರಬರದು, ಹಿಟ್ಟು ಬೂಷ್ಟು ತರುತ್ತದೆ. ಅದಕ್ಕಿಂತ ಮುಖ್ಯ, ಸುಣ್ಣ ತುಂಬಿದವರು ತಮಗೆ ಕಂಡಂತೆ ಅಕ್ಷರ ತಿದ್ದಿಬಿಡುತ್ತಾರೆ, ಮುಂದಿನವರು ಆ ತಪ್ಪನ್ನೇ ಓದುತ್ತಾರೆ. ಮಣ್ಣು ಮೆತ್ತಿದ್ದರೆ ನೀರು ಚಿಮುಕಿಸಿ ಮೆತ್ತನೆಯ ಬ್ರಶ್ಶಿನಿಂದ ತೊಳೆದರೆ ಸಾಕು. ತಂತಿ ಬ್ರಶ್ಶು ಬಳಪದ ಕಲ್ಲನ್ನು ಒಂದೇ ಉಜ್ಜಿಗೆ ಗೀರುತ್ತದೆ.

‘ಸ್ವಸ್ತಿ ಶ್ರೀ’ ಎಂದು ಶುರುವಾಗಿ ಶಕವರ್ಷ, ಸಂವತ್ಸರದ ಹೆಸರು ಬಂದರೆ ಕಾಲ ಹಿಡಿಯುವುದು ಕಷ್ಟವಲ್ಲ. ಶಕಕ್ಕೆ 78 ಕೂಡಿಸಿ. ಆಮೇಲೆ ಸಂವತ್ಸರದಿಂದ ತಾಳೆ ನೋಡಿ, ಏಕೆಂದರೆ ನಡೆಯುತ್ತಿರುವ ವರ್ಷ, ಕಳೆದ ವರ್ಷ ಎಂಬ ಎಣಿಕೆಯಿಂದ ಒಂದು ವರ್ಷ ಆಚೀಚೆ ಆಗುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನಲ್ಲಿ ಶಕ 872, ಸೌಮ್ಯ ಸಂವತ್ಸರ ಎಂದಿದೆ. ಕೂಡಿಸಿದರೆ 950. ಆದರೆ ಸೌಮ್ಯ ಮುಂದೆ ಬರುವುದು 2029ರ ಯುಗಾದಿಗೆ. ಅಲ್ಲಿಂದ 60ರಂತೆ 18 ಸಲ ಹಿಂದೆ ಹೋದರೆ ಸಿಗುವುದು 949ರ ಯುಗಾದಿ. ಹಾಗಾಗಿ ಅದನ್ನು 949-50 ಎನ್ನುತ್ತಾರೆ. ಶಕವರ್ಷವೇ ಇಲ್ಲದ ಕಲ್ಲುಗಳೂ ಬೇಕಾದಷ್ಟಿವೆ. ಅಲ್ಲಿ ರಾಜನ ಹೆಸರು, ಅಕ್ಷರದ ರೂಪ, ಈಗ ಬಳಕೆಯಲ್ಲಿಲ್ಲದ ೞ, ಱ ಅಕ್ಷರಗಳೇ ಆಧಾರ. ಅದು ಲಿಪಿ ಬಲ್ಲವರ ಕೆಲಸ.

ಕೊನೆಯ ಸಾಲುಗಳಲ್ಲಿ ಬಾಳ್ಗಚ್ಚು, ನೆತ್ತರುಗೊಡಗೆ, ಕಲ್ನಾಡು ಎಂಬ ಮಾತು ಬಂದರೆ ಅದು ಸತ್ತವನ ಮನೆಯವರಿಗೋ ಶೌರ್ಯ ತೋರಿದವನಿಗೋ ಬಿಟ್ಟ ಭೂಮಿ. ಬಾಳ್ ಎಂದರೆ ಕತ್ತಿ. ಕತ್ತಿ ತೊಳೆದು ಕೊಟ್ಟ ಕೊಡುಗೆ ಬಾಳ್ಗಚ್ಚು, ಚೆಲ್ಲಿದ ರಕ್ತಕ್ಕೆ ಕೊಟ್ಟದ್ದು ನೆತ್ತರುಗೊಡಗೆ.

ಆತಕೂರಿನ ಕಲ್ಲು ಇನ್ನೊಂದು ಕಾರಣಕ್ಕೂ ನೆನಪಿನಲ್ಲಿಡಬೇಕಾದ್ದು. ಚೋಳರೊಂದಿಗಿನ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ದೊರೆ ಬೂತುಗ ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಂದಿಗೆ ಹೋರಾಡಿ, ಹಂದಿಯೂ ನಾಯಿಯೂ ಜೊತೆಗೇ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಎರಡು ಖಂಡುಗ ಭೂಮಿ ಬಿಟ್ಟು, ಅಲ್ಲಿನ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಗೆ ಮಾಡಿದ ಪಾಪಕ್ಕೆ ಹೋಗುತ್ತಾನೆ ಎಂದು ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಂದರೆ ವೀರಗಲ್ಲಿಗೆ ಪೂಜೆ ಸಲ್ಲಿಸುವುದು ಇತ್ತೀಚಿನ ಮೌಢ್ಯ ಎಂದು ತಳ್ಳಿಹಾಕುವಂತಿಲ್ಲ. ಕಲ್ಲು ನೆಡಿಸಿದವರೇ ಪೂಜೆಗೂ ಏರ್ಪಾಡು ಮಾಡಿದ ನಿದರ್ಶನ ಕಣ್ಣೆದುರಿಗಿದೆ. ನಿಮ್ಮೂರಿನ ದೀಪಾವಳಿಯ ಕಾಯಿಗೂ ಅಂಥ ಬೇರು ಇರಬಹುದು.

ನಿಮ್ಮೂರ ಶಾಸನವನ್ನು ಈಗಾಗಲೇ ಯಾರಾದರೂ ಓದಿರುವ ಸಾಧ್ಯತೆ ಬಹಳ. ಶಾಸನತಜ್ಞ ಬಿ.ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಶಾಸನಗಳು ತಾಲ್ಲೂಕುವಾರು, ಊರಿನ ಹೆಸರು ಮತ್ತು ಸಂಖ್ಯೆಯೊಂದಿಗೆ ಇವೆ. ಜಿಲ್ಲಾ ಗ್ರಂಥಾಲಯ, ಕಾಲೇಜಿನ ಇತಿಹಾಸ ವಿಭಾಗದಲ್ಲಿ ಕೇಳಿ. ಬಳ್ಳಾರಿ, ಕೊಪ್ಪಳದ ಕಡೆಗೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳಿವೆ. ಊರಿನ ಹೆಸರು ಬದಲಾಗಿರಬಹುದು, ಅಕ್ಕಪಕ್ಕದ ಊರುಗಳನ್ನೂ ಹುಡುಕಿ. ಅಲ್ಲಿ ಇಲ್ಲದಿದ್ದರೆ ಹೊಸದೇ ಸಿಕ್ಕಿರಬಹುದು. ಬೆಂಗಳೂರಿನಂಥ ನಗರದ ನಡುವೆ, ಹೆಬ್ಬಾಳದಲ್ಲಿ, ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂದದ್ದು 2018ರಲ್ಲಿ.

ಕೆಡುವುದು ಹೇಗೆ

ಮಳೆ ಬಿಸಿಲಿಗಿಂತ ಹೆಚ್ಚು ಕೆಡಿಸುವುದು ಒಳ್ಳೆಯ ಮನಸ್ಸಿನಿಂದ ಮಾಡುವ ಕೆಲಸ. ಎಣ್ಣೆ ಕಲ್ಲಿನ ರಂಧ್ರಕ್ಕೆ ಇಳಿದು ಧೂಳು, ಮಸಿ, ಕುಂಕುಮ ಹಿಡಿದುಕೊಂಡು ವರ್ಷದಿಂದ ವರ್ಷಕ್ಕೆ ಗಟ್ಟಿ ಕಪ್ಪು ಪದರವಾಗುತ್ತದೆ. ಅಕ್ಷರದ ಗೀರು ಒಂದೆರಡು ಮಿಲಿಮೀಟರ್ ಆಳದ್ದು, ಪದರ ಅಷ್ಟು ದಪ್ಪವಾದರೆ ಶಾಸನ ಮುಚ್ಚಿಹೋಯಿತು. ಎನಾಮಲ್ ಪೇಂಟು ಇನ್ನೂ ಕೆಟ್ಟದ್ದು. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಬಣ್ಣದ ಜೊತೆ ಕಲ್ಲಿನ ಮೇಲ್ಮೈಯೂ ಸಿಪ್ಪೆಯಾಗಿ ಏಳುತ್ತದೆ. ಬುಡಕ್ಕೆ ಸಿಮೆಂಟ್ ಕಾಂಕ್ರೀಟು ಹಾಕಿದರೂ ಹಾಗೆಯೇ. ನೆಲದ ನೀರು, ಸಿಮೆಂಟಿನ ಉಪ್ಪು ಎರಡೂ ಕಲ್ಲಿನ ಮೂಲಕ ಮೇಲೇರಿ ಕೆಳಗಿನ ಪಟ್ಟಿಕೆ ಪುಡಿಪುಡಿಯಾಗಿ ಉದುರುತ್ತದೆ. ಹಳೆಯ ಎಣ್ಣೆ ತೆಗೆಯಲು ಆಸಿಡ್, ಸೋಪಿನ ಪುಡಿ, ಯಂತ್ರದ ಜೋರು ನೀರು ಯಾವುದನ್ನೂ ಬಳಸಬೇಡಿ. ಅದನ್ನು ಇಲಾಖೆಯ ಸಂರಕ್ಷಣಾ ತಜ್ಞರಿಗೆ ಬಿಡಿ.

ಪೂಜೆ ನಿಲ್ಲಿಸಿ ಎಂದು ಹೇಳಲು ಹೋದರೆ ಕೆಲಸ ಕೆಡುತ್ತದೆ, ಹೇಳಬೇಕಾದ್ದೂ ಇಲ್ಲ. ಕಲ್ಲಿನ ಮುಂದೆ ಎರಡಡಿ ದೂರದಲ್ಲಿ ಒಂದು ಸಣ್ಣ ಚಪ್ಪಡಿ ಇಟ್ಟು, ಎಣ್ಣೆ, ಕುಂಕುಮ, ಕಾಯಿ ಅಲ್ಲಿಗೆ, ವೀರನಿಗೆ ಹೂವಿನ ಹಾರ ಎಂದು ಹಿರಿಯರೊಂದಿಗೆ ಕೂತು ಮಾತಾಡಿ ಒಪ್ಪಿಸಿ. ಅವರ ಬಾಯಿಂದಲೇ ಬಂದರೆ ಊರು ಕೇಳುತ್ತದೆ.

ಇನ್ನು ರಸ್ತೆ. ಪ್ರತಿ ಸಲ ಡಾಂಬರು ಹಾಕಿದಾಗ, ಬದಿಗೆ ಮಣ್ಣು ತುಂಬಿದಾಗ ಕಲ್ಲು ಅಷ್ಟಷ್ಟು ಹೂತುಹೋಗುತ್ತದೆ. ಮೊದಲು ಮುಚ್ಚುವುದು ಕೆಳಗಿನ ಪಟ್ಟಿಕೆ, ಅಂದರೆ ಅವನು ಯಾಕೆ ಸತ್ತ ಎಂಬ ಭಾಗವೇ. ನಿಮ್ಮ ಕಲ್ಲು ಅರ್ಧ ಹೂತಿದೆ ಎಂದಿರಿ. ಲಿಂಗವೂ ವೀರನೂ ಕಾಣುತ್ತಿದ್ದು ದನ, ಕಾಳಗ ಕಾಣದಿದ್ದರೆ ಕಥೆಯ ಬುಡ ಮಣ್ಣಿನಲ್ಲೇ ಇದೆ. ನೀವಾಗಿ ಅಗೆಯಬೇಡಿ. ಅಗೆದ ಗುಂಡಿ ನೋಡಿದರೆ ನಿಧಿಗಳ್ಳರ ಅನುಮಾನ ನಿಮ್ಮ ಮೇಲೇ ಬರುತ್ತದೆ, ಬುಡ ಸಡಿಲವಾದ ಕಲ್ಲು ಮುಂದಿನ ಮಳೆಗೆ ಮಗುಚುತ್ತದೆ.

ಕೆಲಸ ಶುರುವಾಗುವ ಮುಂಚೆಯೇ ದಾಖಲೆ ಮಾಡಿ. ಎದುರು, ಹಿಂದೆ, ಎರಡೂ ಪಕ್ಕ, ಪ್ರತಿ ಪಟ್ಟಿಕೆಯ ಹತ್ತಿರದ ಫೋಟೋ, ಎಲ್ಲದರಲ್ಲೂ ಒಂದು ಅಳತೆಪಟ್ಟಿ ಕಾಣುವಂತಿರಲಿ. ನೆಲದಿಂದ ಎತ್ತರ, ಅಗಲ, ದಪ್ಪ, ಮುಖ ಯಾವ ದಿಕ್ಕಿಗೆ, ಹತ್ತಿರದ ಗುಡಿಗೂ ಕೆರೆಗೂ ಎಷ್ಟು ದೂರ, ಮೊಬೈಲಿನ ಜಿಪಿಎಸ್ ಗುರುತು, ಸರ್ವೆ ನಂಬರು ಬರೆದಿಡಿ. ಊರಿನಲ್ಲಿ ಆ ಕಲ್ಲಿಗೆ ಏನೆಂದು ಕರೆಯುತ್ತಾರೆ, ಯಾವ ಮನೆತನದವರು ಮೊದಲ ಪೂಜೆ ಮಾಡುತ್ತಾರೆ ಎಂಬುದನ್ನೂ ಸೇರಿಸಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ಹಿರಿಯರು ಹೋದ ಮೇಲೆ ಇದು ಯಾವ ಪುಸ್ತಕದಲ್ಲೂ ಸಿಗದು.

ಈ ದಾಖಲೆಯೊಂದಿಗೆ ಗ್ರಾಮ ಪಂಚಾಯಿತಿ, ತಹಸೀಲ್ದಾರರು, ರಸ್ತೆಯ ಕೆಲಸ ಮಾಡಿಸುವ ಇಲಾಖೆ, ಮೈಸೂರಿನಲ್ಲಿರುವ ರಾಜ್ಯ ಪುರಾತತ್ತ್ವ ಇಲಾಖೆಯ ಕಚೇರಿ, ಈ ನಾಲ್ಕಕ್ಕೂ ಒಂದೇ ದಿನ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಶಾಸನವಿದ್ದರೆ ಮೈಸೂರಿನಲ್ಲೇ ಇರುವ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಶಾಸನ ವಿಭಾಗಕ್ಕೂ ಒಂದು ಪ್ರತಿ ಹೋಗಲಿ. ನೂರು ವರ್ಷ ದಾಟಿದ ಶಿಲ್ಪ, ಶಾಸನಗಳು 1972ರ ಪುರಾವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯಡಿ ಪುರಾವಸ್ತುಗಳು ಎಂದು ಅರ್ಜಿಯಲ್ಲಿ ಬರೆಯಿರಿ. ಮೊದಲ ಬೇಡಿಕೆ ಕಲ್ಲನ್ನು ಅಲ್ಲಿಯೇ ಉಳಿಸಿ ಚರಂಡಿಯನ್ನೋ ಬದಿಯನ್ನೋ ಎರಡಡಿ ಸರಿಸಿ ಎಂದಿರಲಿ. ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ.

ಸರಿಸಲೇಬೇಕಾದರೆ ಇಲಾಖೆಯವರ ಎದುರಿಗೇ ಆಗಲಿ. ಜೆಸಿಬಿಯ ಬಕೆಟ್ಟಿನಿಂದ ಮೀಟಿದರೆ ಬಳಪದ ಕಲ್ಲು ಪದರದ ಗುಂಟ ಸೀಳುತ್ತದೆ. ಕಬ್ಬಿಣದ ಸರಪಳಿ ಬಿಗಿದರೆ ಅಂಚಿನ ಕೆತ್ತನೆ ಕಿತ್ತುಬರುತ್ತದೆ. ಸುತ್ತ ಕೈಯಿಂದ ಬಿಡಿಸಿ, ಗೋಣಿಚೀಲ ಸುತ್ತಿ, ಅಗಲವಾದ ನೈಲಾನ್ ಪಟ್ಟಿಯಿಂದ ಎತ್ತಿ, ಮುಖ ಮೇಲಾಗಿ ಮರಳು ಹಾಸಿದ ಟ್ರ್ಯಾಕ್ಟರಿನಲ್ಲಿ ಮಲಗಿಸಬೇಕು. ಹೊಸ ಜಾಗ ಹಳೆಯದರಿಂದ ಕೂಗಳತೆಯಲ್ಲಿರಲಿ, ಮುಖ ಹಿಂದಿನ ದಿಕ್ಕಿಗೇ ಇರಲಿ. ಗುಂಡಿಯ ತಳಕ್ಕೆ ಅರ್ಧ ಅಡಿ ಜಲ್ಲಿ, ಅದರ ಮೇಲೆ ಮರಳು. ಕೆತ್ತನೆ ಇಲ್ಲದ ಬುಡವಷ್ಟೇ ಒಳಗಿರಬೇಕು. ಸುತ್ತಲೂ ಕಲ್ಲುಚೂರು, ಮಣ್ಣು ತುಂಬಿ ದಮ್ಮಸ್ಸು ಮಾಡಿ. ಕಟ್ಟೆ ಕಟ್ಟುವುದಾದರೆ ಸುಣ್ಣದ ಗಾರೆ ಬಳಸಿ, ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡಿ. ಮೇಲೊಂದು ಸರಳ ಮಾಡು ಇದ್ದರೆ ಒಳ್ಳೆಯದು, ಟೈಲ್ಸು ಬೇಡ.

ಕಲ್ಲಿನ ಬಗ್ಗೆ ಫಲಕ ಹಾಕಿಸುವುದಾದರೆ ಕಲ್ಲಿಗೆ ಮೊಳೆ ಹೊಡೆಯದೆ ಮೂರು ಅಡಿ ದೂರದಲ್ಲಿ ಬೇರೆ ಕಂಬ ನೆಡಿಸಿ. ಅದರ ಮೇಲೆ ಸತ್ತವನ ಹೆಸರು, ಕಾಲ, ಸತ್ತ ಕಾರಣ, ಮೊದಲು ಕಲ್ಲು ನಿಂತಿದ್ದ ಜಾಗ, ಇಷ್ಟು ಬರೆಯಿಸಿ. ಶಾಸನ ಇಲ್ಲದ ಕಲ್ಲಾದರೆ ಹೆಸರಿನ ಜಾಗವನ್ನು ಖಾಲಿ ಬಿಡಿ. ಊರಿನ ಯಾವುದೋ ಪಾಳೆಯಗಾರನ ಹೆಸರನ್ನು ಅದಕ್ಕೆ ಅಂಟಿಸಬೇಡಿ.